ಒಂದೇ ವಾರ, ಮೂರು ನಂಬರ್ ಒನ್: ಸ್ಪ್ಯಾನಿಷ್ ಹಾಡುಗಳ ರೇಡಿಯೊ ಲೆಕ್ಕ ಗೋಜಲಾದ ಕಥೆ

ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಪ್ರತಿವಾರ ಪ್ರಕಟಿಸುವ ಲ್ಯಾಟಿನ್ ಪಟ್ಟಿಗಳನ್ನು, ಅಂದರೆ ಮುಖ್ಯವಾಗಿ ಸ್ಪ್ಯಾನಿಷ್ ಹಾಡುಗಳ ಪಟ್ಟಿಗಳನ್ನು, ಒಮ್ಮೆ ತೆರೆದು ನೋಡಿ. 'ಹಾಟ್ ಲ್ಯಾಟಿನ್ ಸಾಂಗ್ಸ್' ಪಟ್ಟಿಯ ತುದಿಯಲ್ಲಿ ಒಂದು ಹಾಡಿರುತ್ತದೆ. 'ಲ್ಯಾಟಿನ್ ಏರ್‌ಪ್ಲೇ' (ರೇಡಿಯೊ ಪ್ರಸಾರದ ಪಟ್ಟಿ) ತುದಿಯಲ್ಲಿ ಅನೇಕ ವಾರ ಬೇರೆಯದೇ ಹಾಡು. 'ಲ್ಯಾಟಿನ್ ಪಾಪ್ ಏರ್‌ಪ್ಲೇ'ಯಲ್ಲಿ ಇನ್ನೊಂದು. ಮೂರೂ ನಂಬರ್ ಒನ್. ಮೂರರ ಕಲಾವಿದರೂ ಪೋಸ್ಟರ್ ಹಾಕಿಕೊಳ್ಳುತ್ತಾರೆ, ಮೂವರೂ ಸುಳ್ಳು ಹೇಳುತ್ತಿಲ್ಲ.

ದಾಖಲೆಗಳ ಮಾತು ಬಂದಾಗ ಗೊಂದಲ ಇನ್ನೂ ಹೆಚ್ಚು. ಹಾಟ್ ಲ್ಯಾಟಿನ್ ಸಾಂಗ್ಸ್‌ನಲ್ಲಿ ಎನ್ರಿಕೆ ಇಗ್ಲೇಸಿಯಸ್ 27 ಬಾರಿ ಮೊದಲ ಸ್ಥಾನ ಪಡೆದಿದ್ದಾರೆ. ಲ್ಯಾಟಿನ್ ಏರ್‌ಪ್ಲೇಯಲ್ಲಿ ಕೊಲಂಬಿಯಾದ ಜೆ ಬಾಲ್ವಿನ್ 30ಕ್ಕೂ ಹೆಚ್ಚು ಬಾರಿ. ಹಾಗಾದರೆ ದೊಡ್ಡವರು ಯಾರು? ಒಬ್ಬರದನ್ನು ಸೇರಿನಲ್ಲಿ ಅಳೆದಿದ್ದಾರೆ, ಇನ್ನೊಬ್ಬರದನ್ನು ಮೊಳದಲ್ಲಿ. ಈ ಎರಡು ಅಳತೆ ಹೇಗೆ ಹುಟ್ಟಿಕೊಂಡವು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1920ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಇಂಗ್ಲಿಷ್ ಕೇಂದ್ರಗಳು ಯಾರಿಗೂ ಬೇಡವಾದ ಬೆಳಗಿನ ಜಾವದ ಹೊತ್ತನ್ನು ಸ್ಪ್ಯಾನಿಷ್ ಕಾರ್ಯಕ್ರಮಗಳಿಗೆ ಮಾರುತ್ತಿದ್ದವು. ಪೆದ್ರೊ ಗೊನ್ಸಾಲೆಸ್ ಎಂಬ ಗಾಯಕ ನಾಲ್ಕು ಗಂಟೆಗೆ ಹಾಡಲು ಕೂತರೆ, ಕೆಲಸಕ್ಕೆ ಹೊರಡುವ ಮೆಕ್ಸಿಕನ್ ಕೂಲಿಕಾರರೇ ಅವರ ಶ್ರೋತೃಗಳು. ತಂಡದ ಹೆಸರೇ 'ಲೋಸ್ ಮಾದ್ರುಗಾದೋರೆಸ್', ಅಂದರೆ ನಸುಕಿನಲ್ಲೇ ಏಳುವವರು. 1946ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ರಾವುಲ್ ಕೊರ್ತೆಸ್ ಸ್ಥಾಪಿಸಿದ ಕೆಸಿಒಆರ್, ಇಡೀ ದಿನ ಸ್ಪ್ಯಾನಿಷ್ ಮಾತಾಡುವ, ಆ ಸಮುದಾಯದವರದ್ದೇ ಒಡೆತನದ ಕೇಂದ್ರವಾಯಿತು. ಅಲ್ಲಿಂದ ನಲವತ್ತು ವರ್ಷಗಳಲ್ಲಿ ಕೇಂದ್ರಗಳು ಬೆಳೆದವು, ಶ್ರೋತೃಗಳು ಬೆಳೆದರು. ಹಾಡುಗಳಿಗೆ ಮಾತ್ರ ದೇಶವ್ಯಾಪಿ ಲೆಕ್ಕ ಇರಲಿಲ್ಲ.

ಅಂಥ ಲೆಕ್ಕ ಇಡುವುದು ಸುಲಭವೂ ಆಗಿರಲಿಲ್ಲ. ಮಯಾಮಿಯ ಕ್ಯೂಬನ್ ಕಿವಿ ಬೇರೆ, ನ್ಯೂಯಾರ್ಕಿನ ಪೋರ್ಟೊರಿಕನ್ ಕಿವಿ ಬೇರೆ, ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಕಿವಿ ಇನ್ನೂ ಬೇರೆ. ಭಾಷೆ ಒಂದೇ ಎಂದ ಮಾತ್ರಕ್ಕೆ ರುಚಿ ಒಂದೇ ಆಗುವುದಿಲ್ಲ. ಆದರೂ 1986ರಲ್ಲಿ ಬಿಲ್‌ಬೋರ್ಡ್ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ 'ಹಾಟ್ ಲ್ಯಾಟಿನ್ ಟ್ರ್ಯಾಕ್ಸ್' ಆರಂಭಿಸಿತು. ಇಂದಿನ ಹಾಟ್ ಲ್ಯಾಟಿನ್ ಸಾಂಗ್ಸ್‌ನ ಹಳೆಯ ಹೆಸರು ಅದು. ಅದರ ಮೊದಲ ನಂಬರ್ ಒನ್ ರೋಸಿಯೊ ದುರ್ಕಾಲ್ ಹಾಡಿದ 'ಲಾ ಗಿರ್ನಾಲ್ದಾ'. ದುರ್ಕಾಲ್ ಹುಟ್ಟಿದ್ದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ, ಹೆಸರು ಮಾಡಿದ್ದು ಮೆಕ್ಸಿಕೊದ ರಾಂಚೆರಾ ಹಾಡುಗಳಲ್ಲಿ. ಆ ಪಟ್ಟಿಯನ್ನು ಉದ್ಘಾಟಿಸಲು ಇದಕ್ಕಿಂತ ಒಪ್ಪುವ ಗಾಯಕಿ ಸಿಗುತ್ತಿರಲಿಲ್ಲ.

ಆಗಿನ ಲೆಕ್ಕ ಬಾಯಿಮಾತಿನದು. ಯಾವ ಹಾಡನ್ನು ಹೆಚ್ಚು ಹಾಕಿದೆವು, ಯಾವುದನ್ನು ಕಡಿಮೆ ಎಂದು ರೇಡಿಯೊ ಕೇಂದ್ರದವರೇ ವರದಿ ಕೊಡಬೇಕು. ವರದಿ ಬರೆಯುವ ಕೈಗೂ ರೆಕಾರ್ಡ್ ಕಂಪನಿಯ ಪ್ರಚಾರಕರಿಗೂ ದಿನನಿತ್ಯದ ಒಡನಾಟ. ಹಾಡದ ಹಾಡೂ ವರದಿಯಲ್ಲಿ ಹಾಡಬಹುದಿತ್ತು. ಹಣ ಪಡೆದು, ಅದನ್ನು ಶ್ರೋತೃಗಳಿಗೆ ತಿಳಿಸದೆ ಹಾಡು ಹಾಕುವುದನ್ನು ಅಮೆರಿಕದ ಕಾನೂನು 1960ರಲ್ಲೇ ಅಪರಾಧ ಎಂದಿತ್ತು. ಆದರೆ ನಿಷೇಧವಾದದ್ದೆಲ್ಲ ನಿಂತುಹೋಗುವುದಿಲ್ಲ. 2010ರಲ್ಲೂ ಸ್ಪ್ಯಾನಿಷ್ ಸಂಗೀತ ಕ್ಷೇತ್ರದ ಇಂಥದೇ ಒಂದು ಪ್ರಕರಣ ಹತ್ತು ಲಕ್ಷ ಡಾಲರ್ ದಂಡದಲ್ಲಿ ಮುಗಿಯಿತು.

ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇರುವುದು 1994ರಿಂದ 2012ರವರೆಗಿನ ಹದಿನೆಂಟು ವರ್ಷಗಳಲ್ಲಿ.

1994ರ ನವೆಂಬರ್‌ನಲ್ಲಿ ಬಾಯಿಮಾತಿನ ಲೆಕ್ಕ ಹೋಗಿ ಯಂತ್ರದ ಲೆಕ್ಕ ಬಂತು. ಬಿಡಿಎಸ್ ಎಂಬ ವ್ಯವಸ್ಥೆಯ ಕಂಪ್ಯೂಟರುಗಳು ಊರೂರಿನ ಕೇಂದ್ರಗಳನ್ನು ಹಗಲೂ ರಾತ್ರಿ ಆಲಿಸುತ್ತಿದ್ದವು. ಪ್ರತಿ ಹಾಡಿಗೂ ಬೆರಳಚ್ಚಿನಂಥ ಧ್ವನಿಗುರುತನ್ನು ಮೊದಲೇ ತುಂಬಿಸಿಟ್ಟರೆ, ಅದು ಗಾಳಿಯಲ್ಲಿ ಬಂದಾಗ ಯಂತ್ರ ಗುರುತಿಸಿ ಒಂದು ಗೆರೆ ಎಳೆಯುತ್ತದೆ. ಅದಕ್ಕೆ ಮುಲಾಜಿಲ್ಲ. ಆದರೆ ಗುರುತು ತುಂಬಿಸದ ಹಾಡನ್ನು ನೂರು ಸಲ ಹಾಕಿದರೂ ಅದಕ್ಕೆ ಕೇಳಿಸುವುದಿಲ್ಲ. ಸಣ್ಣ ಕಂಪನಿಗಳಿಗೆ ಇದು ಹೊಸದೊಂದು ಹೊಸ್ತಿಲು.

ಆಮೇಲೆ ತೂಕದ ಪ್ರಶ್ನೆ. ನಡುರಾತ್ರಿ ಸಣ್ಣ ಊರಿನಲ್ಲಿ ಒಮ್ಮೆ ಬಂದ ಹಾಡೂ, ಬೆಳಗ್ಗೆ ಎಂಟಕ್ಕೆ ಲಾಸ್ ಏಂಜಲೀಸ್‌ನಲ್ಲಿ ಒಮ್ಮೆ ಬಂದ ಹಾಡೂ ಸಮವೇ? ಆ ಹೊತ್ತಿಗೆ ಆ ಕೇಂದ್ರವನ್ನು ಎರಡು ಲಕ್ಷ ಜನ ಕೇಳುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಒಂದೇ ಸಲ ಹಾಕಿದರೂ ಎರಡು ಲಕ್ಷ ಕಿವಿ ಎಂದು ಜಮೆ ಮಾಡುವ ಪದ್ಧತಿ ಬಂತು. ಆಗ ಪಟ್ಟಿಯ ಬಲವೆಲ್ಲ ಕೆಲವೇ ದೊಡ್ಡ ನಗರಗಳತ್ತ ವಾಲಿತು.

1994ರ ಅಕ್ಟೋಬರ್‌ನಲ್ಲೇ ಇನ್ನೊಂದು ಬೆಳವಣಿಗೆ ಆಗಿತ್ತು: ಲ್ಯಾಟಿನ್ ಪಾಪ್, ರೀಜನಲ್ ಮೆಕ್ಸಿಕನ್ (ಮೆಕ್ಸಿಕೊದ ಪ್ರಾದೇಶಿಕ ಸಂಗೀತ), ಟ್ರಾಪಿಕಲ್ (ಸಾಲ್ಸಾದಂಥ ಕೆರಿಬಿಯನ್ ನೃತ್ಯಸಂಗೀತ) ಎಂದು ಮೂರು ಉಪಪಟ್ಟಿಗಳು. ಇದರ ಹಿಂದೆ ಲಾಸ್ ಏಂಜಲೀಸ್‌ನ ಅಚ್ಚರಿಯೊಂದಿದೆ. 1992ರಲ್ಲಿ ಅಲ್ಲಿನ 97.9 ಎಫ್‌ಎಂ ಕೆಎಲ್‌ಎಎಕ್ಸ್, ತುತ್ತೂರಿ-ಡೋಲುಗಳ ಬಾಂದಾ ಸಂಗೀತ ಹಾಕಲು ಶುರುಮಾಡಿ ಕೆಲವೇ ತಿಂಗಳಲ್ಲಿ ನಗರದ ಎಲ್ಲ ಭಾಷೆಗಳ ಕೇಂದ್ರಗಳನ್ನೂ ಹಿಂದೆ ಹಾಕಿತು. ಹೋಟೆಲಿನ ಅಡುಗೆಮನೆ, ತೋಟ, ಕಟ್ಟಡದ ಕೆಲಸದ ಜಾಗಗಳಲ್ಲಿ ಇಡೀ ದಿನ ರೇಡಿಯೊ ಹಚ್ಚಿಟ್ಟಿದ್ದವರು ಅಲ್ಲಿಯತನಕ ಉದ್ಯಮದ ಕಣ್ಣಿಗೇ ಬಿದ್ದಿರಲಿಲ್ಲ. ಅವರನ್ನು ಎಣಿಸಿದಾಗ ಬಂದ ಸಂಖ್ಯೆ ಎಲ್ಲರನ್ನೂ ಬೆಚ್ಚಿಬೀಳಿಸಿತು.

ಉಪಪಟ್ಟಿಗಳ ನಿಯಮವನ್ನು ಸರಿಯಾಗಿ ಗಮನಿಸಬೇಕು, ಇಂದಿನ ಗೋಜಲಿನ ಬೇರು ಅಲ್ಲಿದೆ. ಆಗ ಪಾಪ್ ಪಟ್ಟಿ ಎಂದರೆ ಪಾಪ್ ಹಾಡುಗಳ ಪಟ್ಟಿಯಲ್ಲ, ಪಾಪ್ ಕೇಂದ್ರಗಳು ಹಾಕಿದ ಹಾಡುಗಳ ಪಟ್ಟಿ. ಪಾಪ್ ಕೇಂದ್ರ ಬಚಾಟಾ (ಟ್ರಾಪಿಕಲ್ ಬಗೆಯ ಸಂಗೀತ) ಹಾಕಿದರೆ ಅದು ಆ ಪಟ್ಟಿಗೆ ಬಂತು. ಹಾಡಿನ ಜಾತಿ ಕೇಳುತ್ತಿರಲಿಲ್ಲ, ಭಾಷೆಯನ್ನೂ ಕೇಳುತ್ತಿರಲಿಲ್ಲ. 1998ರಲ್ಲಿ ಸೆಲೀನ್ ಡಿಯಾನ್ ಹಾಡಿದ 'ಟೈಟಾನಿಕ್' ಚಿತ್ರದ ಇಂಗ್ಲಿಷ್ ಹಾಡು ಹಾಟ್ ಲ್ಯಾಟಿನ್ ಟ್ರ್ಯಾಕ್ಸ್‌ನ ತುದಿಗೇರಿದ್ದು ಹೀಗೆ. ಸ್ಪ್ಯಾನಿಷ್ ಕೇಂದ್ರಗಳು ಹಾಕಿದವು, ಸ್ಪ್ಯಾನಿಷ್ ಮಾತಾಡುವವರು ಕೇಳಿದರು, ಲೆಕ್ಕಕ್ಕೆ ಬಂತು. ಹಾಡು ಹೊರಗಿನದಾದರೂ ಆರಿಸಿದ ಕಿವಿ ಒಳಗಿನದು.

ಈ ನಿಯಮ ಹಾಡು ಕಟ್ಟುವವರ ಮೇಲೂ ಪರಿಣಾಮ ಬೀರಿತು. 2000ದಲ್ಲಿ ಪೋರ್ಟೊರಿಕೊದ ಸೋನ್ ಬೈ ಫೋರ್ ತಂಡದ 'ಅ ಪುರೊ ದೊಲೋರ್' ನೋಡಿ. ಸಾಲು ಅದೇ, ಮಟ್ಟು ಅದೇ, ಧ್ವನಿಮುದ್ರಣ ಬೇರೆ ಬೇರೆ. ಸಾಲ್ಸಾ ರೂಪದಲ್ಲಿ ತಾಳವಾದ್ಯ, ಹಿತ್ತಾಳೆ ವಾದ್ಯಗಳ ಅಬ್ಬರ. ಅದು ಟ್ರಾಪಿಕಲ್ ಕೇಂದ್ರಗಳಿಗೆ. ಬಲ್ಲಾಡ್ ರೂಪದಲ್ಲಿ ಅದೇ ವಿರಹ ನಿಧಾನವಾಗಿ ಹರಿಯುತ್ತದೆ. ಅದು ಪಾಪ್ ಕೇಂದ್ರಗಳಿಗೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ, ಮದುವೆಮನೆಗೂ ಕಚೇರಿಗೂ ಸೀರೆ ಬದಲಿಸಿ ಹೊರಟ ಒಬ್ಬಳೇ ಹೆಣ್ಣುಮಗಳನ್ನು ಕಂಡಂತಾಗುತ್ತದೆ. ಎರಡರ ಲೆಕ್ಕವೂ ಸೇರಿ ಹಾಡು 20 ವಾರ ನಂಬರ್ ಒನ್ ಆಗಿ ನಿಂತಿತು. 2005ರಲ್ಲಿ ಶಕೀರಾ ಮತ್ತು ಅಲೆಹಾಂದ್ರೊ ಸಾನ್ಸ್ ಹಾಡಿದ 'ಲಾ ತೊರ್ತೂರಾ' 25 ವಾರಗಳೊಂದಿಗೆ ಆ ದಾಖಲೆ ಮುರಿಯಿತು. ಅದಕ್ಕೂ ರೆಗೆಟೋನ್ (ರ‍್ಯಾಪ್ ಬೆರೆತ ಕೆರಿಬಿಯನ್ ನೃತ್ಯಸಂಗೀತ) ಲಯದ ಇನ್ನೊಂದು ರೂಪವಿತ್ತು. ಅದೇ ವರ್ಷ ರೆಗೆಟೋನ್ ಅಲೆಗೆಂದೇ 'ಲ್ಯಾಟಿನ್ ರಿದಮ್' ಎಂಬ ನಾಲ್ಕನೆಯ ಉಪಪಟ್ಟಿಯೂ ಬಂತು.

ಈ ಪದ್ಧತಿ ನಿಂತಿದ್ದದ್ದು ಶ್ರೋತೃಗಳ ಎಣಿಕೆಯ ಮೇಲೆ. ಹಿಂದೆ ಆಯ್ದ ಮನೆಯವರು ತಾವು ಕೇಳಿದ್ದನ್ನು ಡೈರಿಯಲ್ಲಿ ಬರೆಯುತ್ತಿದ್ದರು. 2008ರ ಹೊತ್ತಿಗೆ ನ್ಯೂಯಾರ್ಕಿನಂಥ ನಗರಗಳಲ್ಲಿ ಡೈರಿ ಹೋಗಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಪಿಎಂ ಎಂಬ ಪುಟ್ಟ ಮೀಟರ್ ಬಂತು. ಬರುತ್ತಿದ್ದಂತೆ ಸ್ಪ್ಯಾನಿಷ್ ಕೇಂದ್ರಗಳ, ಕಪ್ಪುಜನರ ಕೇಂದ್ರಗಳ ಅಂಕಿ ಕುಸಿಯಿತು. ಮೀಟರ್ ಕಟ್ಟಿಕೊಂಡವರಲ್ಲಿ ನಮ್ಮವರು ತೀರಾ ಕಡಿಮೆ ಎಂದು ಕೇಂದ್ರಗಳು ದೂರಿದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆ ವರ್ಷದ ಅಕ್ಟೋಬರ್‌ನಲ್ಲಿ ಮೊಕದ್ದಮೆ ಹೂಡಿದರು. 2009ರ ಜನವರಿಯಲ್ಲಿ, ಆಯ್ಕೆಯ ಕ್ರಮ ಸುಧಾರಿಸುವ ಒಪ್ಪಂದದಲ್ಲಿ ಅದು ಮುಗಿಯಿತು. ಡೈರಿಯೇ ಸರಿಯಿತ್ತೋ ಮೀಟರ್ ಸರಿಯೋ ಎಂಬ ವಾದ ಬೇರೆ. ಕಾಣದ ಕಿವಿಯನ್ನು ಎಣಿಸುವುದು ಎಷ್ಟು ಕಷ್ಟ ಎಂಬುದಂತೂ ಬಯಲಾಯಿತು.

2012ರ ಅಕ್ಟೋಬರ್‌ನಲ್ಲಿ ದೊಡ್ಡ ಬದಲಾವಣೆ ಬಂತು. ಹಾಟ್ ಲ್ಯಾಟಿನ್ ಸಾಂಗ್ಸ್ ರೇಡಿಯೊ ಪಟ್ಟಿಯಾಗಿ ಉಳಿಯಲಿಲ್ಲ. ಡಿಜಿಟಲ್ ಮಾರಾಟ ಸೇರಿತು, ಸ್ಟ್ರೀಮಿಂಗ್ ಸೇರಿತು. ಜೊತೆಗೆ ಎಲ್ಲ ಬಗೆಯ ಕೇಂದ್ರಗಳ, ಅಂದರೆ ಇಂಗ್ಲಿಷ್ ಪಾಪ್ ಕೇಂದ್ರಗಳ ಪ್ರಸಾರವೂ ಸೇರಿತು. ಹಳೆಯ ಲೆಕ್ಕ ಲ್ಯಾಟಿನ್ ಏರ್‌ಪ್ಲೇ ಎಂಬ ಪ್ರತ್ಯೇಕ ಪಟ್ಟಿಗೆ ಸರಿಯಿತು. ಹೆಸರು ಒಂದು ಕಡೆ, ಅಳತೆಗೋಲು ಇನ್ನೊಂದು ಕಡೆ.

ಜನ ಹಾಡು ಕೇಳುವ ರೀತಿಯೇ ಬದಲಾಗಿದ್ದಾಗ ಪಟ್ಟಿ ಬದಲಾಗದೆ ಇರಲು ಸಾಧ್ಯವಿರಲಿಲ್ಲ, ಒಪ್ಪುತ್ತೇನೆ. ಆದರೆ ಇಂಗ್ಲಿಷ್ ಕೇಂದ್ರ ಹಾಕಿದ್ದೂ ಲ್ಯಾಟಿನ್ ಲೆಕ್ಕಕ್ಕೆ ಬಂದಾಗ ಏನಾಗುತ್ತದೆ ಎಂಬುದು ಬೇಗನೆ ತಿಳಿಯಿತು. 2014ರಲ್ಲಿ ಎನ್ರಿಕೆ ಇಗ್ಲೇಸಿಯಸ್ ಅವರ 'ಬೈಲಾಂದೊ' ಸ್ಪ್ಯಾನಿಷ್‌ನಲ್ಲೂ ಬಂತು, ಇಂಗ್ಲಿಷ್ ಸಾಲು ಸೇರಿಸಿಯೂ ಬಂತು. ಅದು 41 ವಾರ ಕದಲಲಿಲ್ಲ. 2017ರಲ್ಲಿ ಲೂಯಿಸ್ ಫಾನ್ಸಿ, ಡ್ಯಾಡಿ ಯಾಂಕಿ ಹಾಡಿದ 'ದೆಸ್ಪಾಸಿತೊ'ಗೆ ಏಪ್ರಿಲ್‌ನಲ್ಲಿ ಜಸ್ಟಿನ್ ಬೀಬರ್ ದನಿ ಕೂಡಿತು. ಅಮೆರಿಕದ ಮುಖ್ಯಪಟ್ಟಿ ಹಾಟ್ 100ರಲ್ಲಿ 16 ವಾರ, ಲ್ಯಾಟಿನ್ ಪಟ್ಟಿಯಲ್ಲಿ ಒಟ್ಟು 56 ವಾರ. ಅದು ಬೆಂಗಳೂರಿನ ಆಟೋಗಳಲ್ಲೂ ಕೇಳಿಬಂದ ಹಾಡು, ಅದರ ಯಶಸ್ಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಿಂದೆ ಒಂದೇ ಹಾಡಿಗೆ ಎರಡು ರೂಪ ಕೊಡುತ್ತಿದ್ದದ್ದು ಸಾಲ್ಸಾ ಕೇಳುವ ನ್ಯೂಯಾರ್ಕಿಗೂ ಬಲ್ಲಾಡ್ ಕೇಳುವ ಲಾಸ್ ಏಂಜಲೀಸ್‌ಗೂ. ಈಗ ಎರಡನೆಯ ರೂಪ ಇಂಗ್ಲಿಷ್ ಕೇಳುವವರಿಗೆ.

ಅತ್ತ ರೇಡಿಯೊ ಪಟ್ಟಿಯಲ್ಲಿ ಅದಲು ಬದಲು ಜೋರಾಯಿತು. ಪ್ರಚಾರದ ಬಲವನ್ನೆಲ್ಲ ಒಂದು ವಾರಕ್ಕೆ ಕೂಡಿಸಿದರೆ ಹಾಡು ತುದಿ ಮುಟ್ಟಿ ಮರುವಾರ ಜಾರುತ್ತದೆ, ಮುಂದಿನ ಹಾಡಿನ ಸರದಿ ಬರುತ್ತದೆ. ಸ್ಟ್ರೀಮಿಂಗ್ ನುಂಗಿಹಾಕುತ್ತದೆ ಎಂದುಕೊಂಡಿದ್ದ ಮೆಕ್ಸಿಕನ್ ಸಂಗೀತ ಸ್ಟ್ರೀಮಿಂಗ್‌ನಿಂದಲೇ ಮೇಲೆದ್ದಿತು. 2023ರಲ್ಲಿ ಎಸ್ಲಾಬೊನ್ ಅರ್ಮಾದೊ ಮತ್ತು ಪೆಸೊ ಪ್ಲೂಮಾ ಅವರ 'ಎಯ್ಯಾ ಬೈಲಾ ಸೋಲಾ' ಹಾಟ್ 100ರ ಮೊದಲ ಐದರೊಳಗೆ ಬಂದ ಮೊದಲ ರೀಜನಲ್ ಮೆಕ್ಸಿಕನ್ ಹಾಡಾಯಿತು. ಅದನ್ನು ಅಲ್ಲಿಗೆ ಒಯ್ದದ್ದು ಮುಖ್ಯವಾಗಿ ಕೈಯಲ್ಲಿರುವ ಫೋನು. ಇದು ನನಗೂ ಸಂತೋಷದ ಸುದ್ದಿಯೇ.

ಇಷ್ಟಾದರೂ ಒಂದು ಕೊರಗು ಉಳಿದಿದೆ. ಪತ್ರಿಕೆಗಳು, ಅಭಿಮಾನಿಗಳು, ಕೆಲವೊಮ್ಮೆ ಕಲಾವಿದರ ಸ್ವಂತ ಪರಿಚಯಪತ್ರಗಳೂ 'ಅ ಪುರೊ ದೊಲೋರ್'ನ 20 ವಾರ ಮತ್ತು 'ದೆಸ್ಪಾಸಿತೊ'ದ 56 ವಾರಗಳನ್ನು ಒಂದರ ಕೆಳಗೊಂದು ಬರೆದು ಯಾವುದು ದೊಡ್ಡದು ಎಂದು ತೀರ್ಪು ಕೊಡುತ್ತವೆ. ಮೊದಲನೆಯದರ ಹಿಂದಿದ್ದದ್ದು ಸ್ಪ್ಯಾನಿಷ್ ಕೇಂದ್ರಗಳಿಗೆ ಕಿವಿಗೊಟ್ಟವರ ಲೆಕ್ಕ ಮಾತ್ರ. ಆ ಎರಡು ಸಾಲುಗಳ ನಡುವೆ '2012 ಅಕ್ಟೋಬರ್' ಎಂದು ಬರೆದು ಒಂದು ಗೆರೆ ಎಳೆಯಲು ಅರ್ಧ ಅಂಗುಲ ಜಾಗ ಸಾಕು.