ನೋಟಿಸಿನಲ್ಲಿ ಬರುವ ‘ಸೆವರ್’

ಪಾಲಿನ ದಾವೆಗೆ ಮುನ್ನ ಬಂದ ಇಂಗ್ಲಿಷ್ ನೋಟಿಸನ್ನು ಹಿಡಿದು ಕಚೇರಿಗೆ ಬರುವ ಕಕ್ಷಿದಾರರು ತಡವರಿಸುವುದು ಹೆಚ್ಚಾಗಿ ‘ಸೆವರ್’ (sever) ಎಂಬ ಕ್ರಿಯಾಪದದ ಮುಂದೆ. ಕೆಲವರು ಅದನ್ನು ‘ಸಿವಿಯರ್’ ಎಂದು ಓದಿ, ತಮ್ಮನೋ ಚಿಕ್ಕಪ್ಪನೋ ಕಠಿಣ ಕ್ರಮಕ್ಕೆ ಇಳಿದಿದ್ದಾರೆಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು ‘ಪಾಲು ಕೇಳಿದ್ದಾನೆ ತಾನೆ, ಜಮೀನು ಅಳೆಯುವ ದಿನ ನೋಡೋಣ’ ಎಂದು ಕಾಗದವನ್ನು ಮಡಿಸಿಡುತ್ತಾರೆ. ಮಡಿಸಿಟ್ಟವರೇ ಮುಂದೆ ಹೆಚ್ಚು ಪರದಾಡುತ್ತಾರೆ.

ಕೂಡಿಕೊಂಡಿದ್ದನ್ನು ಕಡಿದು ಬೇರೆ ಮಾಡುವುದೇ ಸೆವರ್. ಯಂತ್ರಕ್ಕೆ ಸಿಕ್ಕಿ ತುಂಡಾದ ಬೆರಳಿಗೂ, ರಸ್ತೆ ಅಗೆಯುವಾಗ ಹರಿದುಹೋದ ಕೇಬಲ್ಲಿಗೂ, ಎರಡು ದೇಶಗಳು ಕಡಿದುಕೊಂಡ ರಾಜತಾಂತ್ರಿಕ ಸಂಬಂಧಕ್ಕೂ ಇಂಗ್ಲಿಷಿನಲ್ಲಿ ಇದನ್ನೇ ಬಳಸುತ್ತಾರೆ. ‘ಡಿವೈಡ್’ನಲ್ಲಿರುವ ಹಂಚಿಕೆಯ ಅರ್ಥ ಇದಕ್ಕಿಲ್ಲ. ಒಂದು ರೊಟ್ಟಿಯನ್ನು ಮೂವರ ನಡುವೆ ಡಿವೈಡ್ ಮಾಡಬಹುದು, ಸೆವರ್ ಮಾಡಲಾಗದು. ಯಾರಿಗೆ ಎಷ್ಟು ಎಂಬುದನ್ನು ಈ ಪದ ಹೇಳುವುದೇ ಇಲ್ಲ. ನಂಟು ಉಳಿದಿದೆಯೋ ಕಡಿದಿದೆಯೋ ಎಂಬುದನ್ನಷ್ಟೇ ಹೇಳುತ್ತದೆ.

ಹಿಂದೂ ಅವಿಭಕ್ತ ಕುಟುಂಬದ ಕಾನೂನಿನಲ್ಲಿ ಈ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ. ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಡುವ ಮಿತಾಕ್ಷರ ಎಂಬ ಪದ್ಧತಿಯಲ್ಲಿ ಹಕ್ಕುದಾರರೊಬ್ಬರು ‘ನಾನು ಇನ್ನು ಬೇರೆ’ ಎಂದು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಹೇಳಿ, ಅದನ್ನು ಉಳಿದವರಿಗೆ ತಿಳಿಸಿದರೆ ಸಾಕು, ಒಟ್ಟು ಕುಟುಂಬದ ಸ್ಥಾನದಿಂದ ಅವರು ಕಳಚಿಕೊಂಡಂತೆ. ನೋಟಿಸಿನ ‘ಸೆವರ್’ ಹೇಳುವುದು ಇದನ್ನೇ. ಉಳಿದವರ ಒಪ್ಪಿಗೆ ಬೇಕಿಲ್ಲ. ಅಳತೆ ಮಾಡಿಸುವುದು, ಚೆಕ್ಕುಬಂದಿ ಬರೆಸುವುದು, ವಿಭಾಗ ಪತ್ರ ನೋಂದಾಯಿಸುವುದು ಎಲ್ಲವೂ ಆಮೇಲಿನ ಕೆಲಸ. ಅದಕ್ಕೆ ವರ್ಷಗಳೇ ಹಿಡಿಯಬಹುದು. ‘ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಇನ್ನೂ ಪಾಲಾಗಿಲ್ಲ’ ಎಂದು ಊರಿನವರು ಹೇಳುವುದರಲ್ಲಿ ಈ ಎರಡೂ ಹಂತಗಳಿವೆ. ಆದರೆ ಒಲೆ ಬೇರೆ ಹೂಡಿದ ಮಾತ್ರಕ್ಕೆ ಕಾನೂನಿನ ಕಣ್ಣಿನಲ್ಲಿ ಬೇರೆಯಾದಂತಲ್ಲ. ಸೊಸೆಯಂದಿರಿಗೆ ಹೊಂದಾಣಿಕೆಯಾಗದೆ ಅಡುಗೆ ಬೇರೆಯಾದ ಮನೆಗಳು ಎಷ್ಟೋ ಇವೆ.

ಇದು ಎಷ್ಟು ಗಂಭೀರವೆಂದು ತಿಳಿಯಲು ಮೈಸೂರಿನ ಒಂದು ಕುಟುಂಬದ ಪ್ರಕರಣ ನೋಡಬೇಕು. 1951ರ ಜನವರಿಯಲ್ಲಿ, ಆಸ್ಪತ್ರೆಯಲ್ಲಿ ಮಲಗಿದ್ದ ಮನೆಯ ಹಿರಿಯರು ತಾವು ಬೇರೆಯಾಗಿರುವುದಾಗಿ ನೋಟಿಸು ಬರೆಸಿದರು. ಹಿತೈಷಿಗಳು ನಡುವೆ ಬಂದು ರಾಜಿಯ ಮಾತಾಡಿದರು. ರಿಜಿಸ್ಟರ್ಡ್ ಅಂಚೆಗೆ ಹಾಕಿದ್ದ ನೋಟಿಸುಗಳನ್ನು ಹಿಂದಕ್ಕೆ ಪಡೆಯಲಾಯಿತು. ರಾಜಿ ಕೂಡಿಬರಲಿಲ್ಲ. ಕೆಲವೇ ದಿನಗಳಲ್ಲಿ ದಾವೆ ಹೂಡಲಾಯಿತು, ಅದೇ ದಿನ ಹಿರಿಯರು ತೀರಿಕೊಂಡರು. ಅವರು ಒಟ್ಟು ಕುಟುಂಬದಲ್ಲೇ ಸತ್ತರು ಎಂದಾದರೆ, ಅಂದಿನ ಕಾನೂನಿನಂತೆ ಅವರ ಪಾಲು ಬದುಕುಳಿದ ಗಂಡಸರಿಗೆ ಹೋಗಿ ಹೆಣ್ಣುಮಕ್ಕಳ ಕೈ ತಪ್ಪುತ್ತಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಿರಿಯರ ನಿರ್ಧಾರ ಮನೆಯವರಿಗೆ ಆಗಲೇ ತಿಳಿದಿತ್ತು, ಅಲ್ಲಿಗೇ ಅವರು ಬೇರೆಯಾಗಿದ್ದರು, ನೋಟಿಸು ಹಿಂಪಡೆದ ಮಾತ್ರಕ್ಕೆ ಕುಟುಂಬ ಮತ್ತೆ ಒಂದಾಗುವುದಿಲ್ಲ ಎಂದು 1968ರಲ್ಲಿ ತೀರ್ಪು ಬಂತು. ತಂದೆಯ ಹಕ್ಕನ್ನು ಹಿಡಿದು ಕಡೆಯವರೆಗೂ ಹೋರಾಡಿದ್ದು ಆ ಹೆಣ್ಣುಮಕ್ಕಳೇ ಎಂಬುದು ನನಗೆ ಇಂದಿಗೂ ಅಭಿಮಾನದ ವಿಷಯ.

ಈಗ ಮಗಳೂ ಹುಟ್ಟಿನಿಂದಲೇ ಹಕ್ಕುದಾರಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ಅನ್ವಯಿಸಿತು, ಕರ್ನಾಟಕದಲ್ಲಿ ಅದಕ್ಕೂ ಮೊದಲೇ ರಾಜ್ಯದ ತಿದ್ದುಪಡಿಯಿತ್ತು. ‘ನಾವು ಹಿಂದೆಯೇ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿದ್ದೆವು’ ಎಂದು ಹೇಳಿ ಅಕ್ಕತಂಗಿಯರನ್ನು ಹೊರಗಿಡುವ ಪ್ರಯತ್ನ ಈಗಲೂ ನಡೆಯುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ಅಂಥ ಮೌಖಿಕ ವಿಭಾಗಕ್ಕೆ ಸಾರ್ವಜನಿಕ ದಾಖಲೆಗಳ ಬೆಂಬಲ ಬೇಕು. ಅದನ್ನು ಒಪ್ಪುವುದೂ ಅಪರೂಪದ ಸಂದರ್ಭದಲ್ಲಿ ಮಾತ್ರ.

ಆದ್ದರಿಂದ ಇಂಥ ನೋಟಿಸು ಕೈಗೆ ಬಂದರೆ ಲಕೋಟೆಯನ್ನೂ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ತಾರೀಖನ್ನು ಗುರುತು ಹಾಕಿಕೊಳ್ಳಿ. ಕಳುಹಿಸುವವರು ನೀವಾದರೆ ಸ್ವೀಕೃತಿ ಪತ್ರವನ್ನು ಜೋಪಾನ ಮಾಡಿ, ‘ಬೇರೆಯಾಗಿದ್ದೇನೆ’ ಎಂದು ಬರೆಯಬೇಕಾದಲ್ಲಿ ‘ಬೇರೆಯಾಗಬೇಕೆಂದಿದ್ದೇನೆ’ ಎಂದು ಬರೆಯಬೇಡಿ. ಮುಂದೆಂದೋ ಬೇರೆಯಾಗುವ ಆಲೋಚನೆ ಇತ್ತಷ್ಟೇ, ಆಗಿರಲಿಲ್ಲ ಎಂದು ಎದುರಾಳಿಯ ವಕೀಲರು ವಾದಿಸಲು ಅಷ್ಟೇ ಸಾಕು.