ಮಂಚದ ಪಕ್ಕಕ್ಕೇ ಬಂದ ಡಾಕ್ಟರು

ಪಾವಗಡದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನ ಗೊರಕೆ ಇಡೀ ಬೀದಿಗೆ ಗೊತ್ತಿತ್ತು. ಗೊರಕೆ ನಿಂತಾಗ ಏನಾಗುತ್ತದೆ ಎಂಬುದು ಗೊತ್ತಿದ್ದದ್ದು ದೊಡ್ಡಮ್ಮನಿಗೆ ಮಾತ್ರ. "ಗೊರ ಗೊರ ಅಂತಿರ್ತಾರೆ, ಇದ್ದಕ್ಕಿದ್ದಂಗೆ ಸದ್ದೇ ಇರಲ್ಲ. ಎದ್ದು ಮೂಗಿನ ಹತ್ರ ಬೆರಳಿಟ್ಟು ನೋಡ್ತೀನಿ. ಆಮೇಲೆ ಬಾವೀಲಿ ಮುಳುಗಿ ಮೇಲೆ ಬಂದೋರಂಗೆ ಉಸಿರೆಳ್ಕೊಳ್ತಾರೆ." ದೊಡ್ಡಪ್ಪನಿಗೆ ಇದ್ಯಾವುದೂ ನೆನಪಿರುತ್ತಿರಲಿಲ್ಲ. ಬೆಳಿಗ್ಗೆಯ ತಲೆನೋವು, ಕಡ್ಲೇಕಾಯಿ ಬಿಡಿಸುತ್ತ ಕೂತಲ್ಲೇ ತೂಕಡಿಕೆ, ಬೈಕ್ ಓಡಿಸುವಾಗ ಒಮ್ಮೆ ಕಣ್ಣು ಮುಚ್ಚಿಹೋಗಿದ್ದು, ಎಲ್ಲಕ್ಕೂ ವಯಸ್ಸಾಯಿತು ಎನ್ನುತ್ತಿದ್ದರು.

ಇದು ಸ್ಲೀಪ್ ಅಪ್ನಿಯ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಎಲ್ಲರಿಗೂ ಸಹಜ. ಕೆಲವರಲ್ಲಿ ನಾಲಿಗೆಯ ಬುಡ ಹಿಂದಕ್ಕೆ ಜಾರಿ, ಗಂಟಲಿನ ಗೋಡೆಗಳು ಕುಸಿದು, ಗಾಳಿಯ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಎದೆ, ಹೊಟ್ಟೆ ಒದ್ದಾಡುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆ ಎಚ್ಚರಗೊಳ್ಳುತ್ತದೆ, ಸ್ನಾಯು ಬಿಗಿಯಾಗಿ ದಾರಿ ತೆರೆಯುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ. ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ಅಥವಾ ಅಷ್ಟು ಹೊತ್ತು ತೀರಾ ಕ್ಷೀಣಿಸಿದರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ದೊಡ್ಡಪ್ಪನ ನಿದ್ದೆಯ ಪರೀಕ್ಷೆಯ ವರದಿಯಲ್ಲಿದ್ದದ್ದು 42. ಸರಿಸುಮಾರು ಒಂದೂವರೆ ನಿಮಿಷಕ್ಕೊಮ್ಮೆ, ರಾತ್ರಿಯಿಡೀ. ಬಿಪಿ ಮಾತ್ರೆ ನುಂಗಿದರೂ ಬಿಪಿ ಯಾಕೆ ಇಳಿಯುತ್ತಿಲ್ಲ ಎಂಬ ಹಳೇ ಪ್ರಶ್ನೆಗೂ ಆ ಕಾಗದದಲ್ಲೇ ಉತ್ತರವಿರಬಹುದು ಎಂದರು ಡಾಕ್ಟರು.

ಕೊಟ್ಟಿದ್ದು ಸಿಪ್ಯಾಪ್ ಮಿಷನ್, ಮಲಗಿದಾಗ ಮಾಸ್ಕಿನ ಮೂಲಕ ಒಂದೇ ಸಮನೆ ಗಾಳಿ ಊದುವ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1980ರಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸಿ, ಮೂಗಿಗೆ ಗಾಳಿ ಊದಿ ಇದನ್ನು ಮೊದಲು ಪ್ರಯೋಗಿಸಿದರು. ಅದಕ್ಕೂ ಮುಂಚೆ ತೀವ್ರ ರೋಗಿಗಳಿಗೆ ಕತ್ತಿನಲ್ಲಿ ತೂತು ಮಾಡಿ ಉಸಿರಿನ ದಾರಿ ಕೊಡುವುದೇ ಮುಖ್ಯ ಉಪಾಯವಾಗಿತ್ತು. ತತ್ವ ಬಹಳ ಸರಳ: ಗಾಳಿಯ ಒತ್ತಡದಿಂದಲೇ ಗಂಟಲು ಕುಸಿಯದಂತೆ ಹಿಡಿದು ನಿಲ್ಲಿಸುವುದು. ಎಷ್ಟು ಒತ್ತಡ? ಲೋಟದ ನೀರಿನೊಳಗೆ ಎಳನೀರಿನ ಸ್ಟ್ರಾವನ್ನು 10 ಸೆಂಟಿಮೀಟರ್ ಮುಳುಗಿಸಿ ಮಕ್ಕಳು ಗುಳ್ಳೆ ಬರಿಸುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟೇ. ಇದೇ ಅಳತೆಯಲ್ಲಿ ಮಿಷನ್‌ಗಳು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡ ಕೊಡಬಲ್ಲವು.

ಇಷ್ಟು ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ ಸೋಲುವುದು ಎಲ್ಲಿ ಎಂದರೆ, ಮಂಚದ ಮೇಲೆ. ಮೂಗು ಒಣಗುತ್ತದೆ, ಮಾಸ್ಕ್ ಒತ್ತುತ್ತದೆ, ಕಣ್ಣಿಗೆ ಗಾಳಿ ಹೊಡೆಯುತ್ತದೆ, ನೆಂಟರ ಮುಂದೆ ಹಾಕಿಕೊಳ್ಳಲು ನಾಚಿಕೆ. ರಾತ್ರಿಗೆ ಕನಿಷ್ಠ 4 ಗಂಟೆ, 10 ರಾತ್ರಿಗಳಲ್ಲಿ 7 ರಾತ್ರಿ ಹಾಕಿಕೊಂಡರೆ ಬಳಕೆ ಸಾಕಷ್ಟಿದೆ ಎಂಬುದು ರೂಢಿಯ ಲೆಕ್ಕ. ಅಷ್ಟನ್ನೂ ಮುಟ್ಟದವರು ಬಹಳ ಮಂದಿ. ಒಬ್ಬರು ಇದನ್ನು ಒಗ್ಗಿಸಿಕೊಳ್ಳುತ್ತಾರೋ ಬಿಡುತ್ತಾರೋ ಎಂಬುದು ಎಷ್ಟೋ ಸಲ ಮೊದಲ ವಾರದಲ್ಲೇ ತೀರ್ಮಾನವಾಗಿಬಿಡುತ್ತದೆ. ಬೆಂಗಳೂರಿನ ಆಸ್ಪತ್ರೆಯವರು ಹೇಳಿದ್ದು ತಿಂಗಳು ಬಿಟ್ಟು ಬನ್ನಿ ಅಂತ. ಪಾವಗಡದಿಂದ ಬೆಂಗಳೂರು ನೂರು ಕಿಲೋಮೀಟರಿಗೂ ಹೆಚ್ಚು ದೂರ, ಮಾಸ್ಕ್ ಸೋರುತ್ತದೆ ಅಂತ ಹೇಳಲು ಯಾರು ಬಸ್ ಹತ್ತುತ್ತಾರೆ? ಐದನೇ ದಿನಕ್ಕೆ ದೊಡ್ಡಪ್ಪನ ಮಿಷನ್ ಅಟ್ಟ ಸೇರಿತು.

ಅದನ್ನು ಕೆಳಗಿಳಿಸಿದ್ದು ವಿಡಿಯೊ ಕರೆ. ಆ ದಿನ ಊರಿನಲ್ಲೇ ಇದ್ದ ನಾನು ಫೋನ್ ಹಿಡಿದುಕೊಂಡೆ. ಡಾಕ್ಟರು ಮೊದಲು ಕೇಳಿದ್ದು, "ಯಜಮಾನರೇ, ದಿನಾ ಹೇಗೆ ಮಲಗ್ತೀರೋ ಹಾಗೇ ಮಲಗಿ" ಎಂದು. ಆಸ್ಪತ್ರೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಮಾಸ್ಕ್ ಹಾಕಿದಾಗ ಒಂದಿಷ್ಟೂ ಸೋರಿರಲಿಲ್ಲ. ಇಲ್ಲಿ ಬಲಮಗ್ಗುಲಾದ ತಕ್ಷಣ ಗಟ್ಟಿ ಬೂರುಗದ ದಿಂಬು ಮಾಸ್ಕನ್ನು ಪಕ್ಕಕ್ಕೆ ತಳ್ಳಿತು. ಪುಸ್ಸೆಂದು ಗಾಳಿ ಕಣ್ಣಿಗೆ. ಮೇಲಿನ ಪಟ್ಟಿ ಬಿಗಿಯಾಗಿತ್ತು, ಕೆಳಗಿನದು ಜೋತುಬಿದ್ದಿತ್ತು, ದಪ್ಪ ಮೀಸೆಯ ಮೇಲೆ ಮಾಸ್ಕಿನ ಅಂಚು ಕೂರುತ್ತಲೇ ಇರಲಿಲ್ಲ. ಪಟ್ಟಿ ಸರಿಮಾಡಿಸಿ, ಮೀಸೆಗೆ ತಾಗದೆ ಮೂಗಿನ ಹೊಳ್ಳೆಗಷ್ಟೇ ಕೂರುವ ಚಿಕ್ಕ ಮಾಸ್ಕಿಗೆ ಬದಲಾಯಿಸಲು ಹೇಳಿದರು. ಆಮೇಲೆ ಮಿಷನ್ನಿನ ನೀರಿನ ಡಬ್ಬಿ ತೋರಿಸಿ ಎಂದರು. ತಳದಲ್ಲಿ ಬಿಳೀ ಪದರ. ಪಾವಗಡದ ಕೊಳವೆಬಾವಿಯ ನೀರು ಎಷ್ಟು ಗಡಸು ಅಂತ ಆ ಕಡೆಯವರಿಗೆ ನಾನು ಹೇಳಬೇಕಿಲ್ಲ. ಗಾಳಿಗೆ ತೇವ ಕೊಡುವ ಆ ಡಬ್ಬಿಗೆ ಡಿಸ್ಟಿಲ್ಡ್ ವಾಟರೇ ಬೇಕು, ಕುದಿಸಿದರೆ ಗಡಸು ಪೂರ್ತಿ ಹೋಗುವುದಿಲ್ಲ ಎಂದು ತಿಳಿಸಿದರು. ಇವುಗಳಲ್ಲಿ ಒಂದನ್ನೂ ಬೆಂಗಳೂರಿನ ಕೋಣೆಯಲ್ಲಿ ಕೂತು ಕಂಡುಹಿಡಿಯಲು ಆಗುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಲಾಭ ದೊಡ್ಡಮ್ಮ ಎಂದು ನನ್ನ ನಂಬಿಕೆ. ಈ ಕಾಯಿಲೆಗೆ ರೋಗಿ ಸಾಕ್ಷಿಯಲ್ಲ, ಪಕ್ಕದಲ್ಲಿ ಮಲಗಿದವರೇ ಸಾಕ್ಷಿ. ಹಸು ಕಟ್ಟಿಕೊಂಡ ಹೆಂಗಸು ಬೆಂಗಳೂರಿಗೆ ಹೋಗಿರಲೇ ಇಲ್ಲ. ಈಗ ಫೋನಿನ ಮುಂದೆ ಕೂತು, "ಬಾಯಿ ಬಿಟ್ಕೊಂಡು ಮಲಗ್ತಾರೆ ಡಾಕ್ಟ್ರೇ, ಎರಡು ಗಂಟೆಗೆ ಕಿತ್ತು ಬಿಸಾಕ್ತಾರೆ" ಎಂದು ಬಿಡಿಬಿಡಿಯಾಗಿ ವರದಿ ಒಪ್ಪಿಸಿದರು. ಈಗಿನ ಎಷ್ಟೋ ಮಿಷನ್‌ಗಳು ಎಷ್ಟು ಗಂಟೆ ಓಡಿತು, ಎಷ್ಟು ಸೋರಿತು, ಇನ್ನೂ ಎಷ್ಟು ಸಲ ಉಸಿರು ನಿಂತಿತು ಎಂದು ದಾಖಲಿಸಿ, ಮೊಬೈಲ್ ಜಾಲದ ಮೂಲಕ ಡಾಕ್ಟರಿಗೆ ಕಳಿಸುತ್ತವೆ. ಎರಡು ಗಂಟೆಗೆ ಮಿಷನ್ ನಿಂತದ್ದು ಅಂಕಿಯಲ್ಲಿತ್ತು, ಯಾಕೆ ನಿಂತಿತು ಎಂಬುದು ದೊಡ್ಡಮ್ಮನ ಬಾಯಲ್ಲಿತ್ತು.

ಹೀಗೆ ಬೆನ್ನುಹತ್ತಿ ವಿಚಾರಿಸುವುದರಿಂದ ಉಪಯೋಗವಿದೆ ಎನ್ನಲು ಆಧಾರವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲು ಆರೈಕೆ ಪಡೆದವರು 90 ದಿನಗಳಲ್ಲಿ ರಾತ್ರಿಗೆ ಸರಾಸರಿ 3.8 ಗಂಟೆ ಮಿಷನ್ ಬಳಸಿದರೆ, ಆನ್‌ಲೈನ್ ಪಾಠವನ್ನೂ ಮಿಷನ್ನಿನ ಅಂಕಿ ನೋಡಿ ಕಳಿಸುವ ಸಂದೇಶಗಳನ್ನೂ ಪಡೆದವರು 4.8 ಗಂಟೆ ಬಳಸಿದ್ದರು. ಅಲ್ಲಿ ಸಂದೇಶ ಕಳಿಸಿದ್ದು ಕಂಪ್ಯೂಟರು. ಮನುಷ್ಯರೇ ಮುಖ ನೋಡಿ ಮಾತಾಡುವುದು ಅದಕ್ಕಿಂತ ಕಡಿಮೆಯಾಗಲಾರದು ಎಂಬುದು ನನ್ನ ಅನಿಸಿಕೆ.

ಎಲ್ಲವೂ ವಿಡಿಯೊದಲ್ಲಿ ಆಗುವುದಿಲ್ಲ. ಕಾಯಿಲೆಯನ್ನು ಖಚಿತಪಡಿಸಲು ನಿದ್ದೆಯ ಪರೀಕ್ಷೆ ಆಗಲೇಬೇಕು. ಹೃದಯ, ಶ್ವಾಸಕೋಶದ ತೊಂದರೆಯಿದ್ದವರನ್ನು ಎದುರಿಗೆ ಕೂರಿಸಿಯೇ ನೋಡಬೇಕು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಎದುರಿಗೆ ನೋಡಬೇಕೆನಿಸಿದರೆ ಕರೆಸಿಕೊಳ್ಳುವ ತೀರ್ಮಾನವನ್ನು ವೈದ್ಯರಿಗೇ ಬಿಟ್ಟಿದೆ. ಆ ಮಾರ್ಗಸೂಚಿಯ ಪ್ರಕಾರ ಆಲ್ಪ್ರಾಜೋಲಾಮ್‌ನಂಥ ನಿದ್ದೆ ಮಾತ್ರೆಗಳನ್ನು ಹೀಗೆ ದೂರದಿಂದ ಬರೆದುಕೊಡುವಂತಿಲ್ಲ. ಈ ರೋಗಿಗಳ ಮಟ್ಟಿಗೆ ಅದು ಒಳ್ಳೆಯದೇ. ಅಂಥ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಉಸಿರುಕಟ್ಟುವುದನ್ನು ಹೆಚ್ಚಿಸಬಹುದು. ನಿದ್ದೆ ಸರಿಯಿಲ್ಲ ಅಂತ ತಾವಾಗಿಯೇ ಮಾತ್ರೆ ತಂದು ನುಂಗುವವರು ದಯವಿಟ್ಟು ಇದನ್ನು ಗಮನಿಸಿ.

ಆವತ್ತು ಕರೆ ಮುಗಿಸುವ ಹೊತ್ತಿಗೆ ದೊಡ್ಡಮ್ಮ ತಡೆದರು. ಅಷ್ಟು ದಿನ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ: "ಮಧ್ಯರಾತ್ರಿ ಕರೆಂಟ್ ಹೋದ್ರೆ ಮಾಸ್ಕ್ ಒಳಗೇ ಉಸಿರು ಕಟ್ಟಲ್ವಾ?" ಡಾಕ್ಟರು ತಮ್ಮ ಕೈಲಿದ್ದ ಮಾಸ್ಕನ್ನು ಕ್ಯಾಮೆರಾದ ಹತ್ತಿರ ತಂದು, ಗಾಳಿ ಹೊರಹೋಗುವ ಸಣ್ಣ ತೂತುಗಳನ್ನು ತೋರಿಸಿದರು. ಮೂಗಿನ ಮಾಸ್ಕಾದ್ದರಿಂದ ಬಾಯಿ ತೆರೆದೇ ಇರುತ್ತದೆ, ಬಾಯಿಯನ್ನೂ ಮುಚ್ಚುವ ದೊಡ್ಡ ಮಾಸ್ಕಿನಲ್ಲಿ ಮಿಷನ್ ನಿಂತ ಕೂಡಲೇ ತೆರೆದುಕೊಳ್ಳುವ ಕವಾಟವಿರುತ್ತದೆ ಎಂದು ವಿವರಿಸಿದರು. ಮನೆಯ ಯುಪಿಎಸ್‌ಗೆ ಜೋಡಿಸಿ, ಕರೆಂಟ್ ಇಲ್ಲದಾಗ ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಎಂದೂ ಹೇಳಿದರು. ದೊಡ್ಡಮ್ಮ ಮನೆಯ ಮಾಸ್ಕಿನಲ್ಲಿದ್ದ ಅಂಥದೇ ತೂತುಗಳ ಮೇಲೆ ಬೆರಳಿಟ್ಟು ಗಾಳಿ ಬರುವುದನ್ನು ನೋಡಿಕೊಂಡರು. ಆ ರಾತ್ರಿ ದೊಡ್ಡಪ್ಪನಿಗೆ ಮಾಸ್ಕ್ ಹಾಕಿದ್ದು ಅವರೇ.