ಗಟ್ಟಿ ನೆಲದ ತಿರುವಿನಲ್ಲಿ ಫೋರ್ ಬೈ ಫೋರ್ ಏಕೆ ಬಿಗಿದುಕೊಳ್ಳುತ್ತದೆ

ಮಳೆಗಾಲ ಶುರುವಾದ ಮೇಲೆ ಮಲೆನಾಡಿನ ಕಾಫಿ ತೋಟಗಳಿಂದ ವರ್ಕ್‌ಶಾಪಿಗೆ ಬರುವ ಫೋರ್ ಬೈ ಫೋರ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡಬಲ್ಲ) ಪಿಕಪ್‌ಗಳಲ್ಲಿ ಹಲವು ಒಂದೇ ದೂರನ್ನು ಹೊತ್ತು ಬರುತ್ತವೆ. ಕೆಸರಿನ ದಾರಿ ಹತ್ತಿ ಬಂದು ಕಾಂಕ್ರೀಟ್ ಕಣದಲ್ಲಿ ಗಾಡಿ ತಿರುಗಿಸಲು ಹೋದರೆ ಬ್ರೇಕ್ ಹಿಡಿದ ಹಾಗೆ ನಿಲ್ಲುತ್ತದೆ, ಆಕ್ಸಿಲರೇಟರ್ ಒತ್ತಿದರೆ ಟೈರು ಜಿಗಿಯುತ್ತದೆ, ಕೆಳಗಿನಿಂದ ‘ಕಟಕ್’ ಎಂಬ ಸದ್ದು ಬರುತ್ತದೆ, ಕೊನೆಗೆ ಲಿವರ್ ‘ಫೋರ್ ಹೈ’ಯಿಂದ (ನಾಲ್ಕು ಚಕ್ರಗಳ ಓಟ) ‘ಟೂ ಹೈ’ಗೆ (ಹಿಂದಿನ ಎರಡೇ ಚಕ್ರಗಳ ಓಟ) ಬರುವುದೇ ಇಲ್ಲ. ಇಷ್ಟು ಹೇಳಿದ ಚಾಲಕ ಬಹುಪಾಲು ಸಲ ತಾನೇ ಒಂದು ತೀರ್ಮಾನವನ್ನೂ ಕೊಡುತ್ತಾನೆ: ಹಿಂದಿನ ಬ್ರೇಕ್ ಜಾಮ್ ಆಗಿದೆ, ಡ್ರಮ್ ಬಿಚ್ಚಿ ನೋಡಿ ಎಂದು. ಡ್ರಮ್ ಬಿಚ್ಚಿದರೆ ಅಲ್ಲಿ ಏನೂ ಇರುವುದಿಲ್ಲ, ಏಕೆಂದರೆ ಗಾಡಿಯನ್ನು ಹಿಡಿದು ನಿಲ್ಲಿಸಿದ್ದು ಬ್ರೇಕ್ ಅಲ್ಲ, ಅದರ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿದ್ದು.

ತಿರುವಿನಲ್ಲಿ ನಾಲ್ಕು ಚಕ್ರಗಳೂ ನಾಲ್ಕು ಬೇರೆ ಬೇರೆ ದೂರ ಸಾಗುತ್ತವೆ. ಎಡ ಮತ್ತು ಬಲ ಚಕ್ರಗಳ ನಡುವಿನ ವ್ಯತ್ಯಾಸವನ್ನು ಆಯಾ ಆಕ್ಸಲ್‌ನ ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಸರಿದೂಗಿಸುತ್ತದೆ. ಆದರೆ ಮುಂದಿನ ಆಕ್ಸಲ್ ಹಿಂದಿನದಕ್ಕಿಂತ ಯಾವಾಗಲೂ ದೊಡ್ಡ ವೃತ್ತದಲ್ಲಿ ಸಾಗುತ್ತದೆ, ಮತ್ತು ಬೇಕಾದಾಗ ಮಾತ್ರ ಫೋರ್ ವೀಲ್ ಡ್ರೈವ್ ಹಾಕಿಕೊಳ್ಳುವ ಪಿಕಪ್‌ಗಳಲ್ಲಿ ಈ ವ್ಯತ್ಯಾಸವನ್ನು ನುಂಗಿಕೊಳ್ಳುವ ಸೆಂಟರ್ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್ ಹೈ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಒಳಗಿನ ಸ್ಲೀವ್ ಎಂಬ ಹಲ್ಲಿನ ಉಂಗುರ, ಆಕ್ಸಲ್‌ಗಳಿಗೆ ಬಲ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಕಚ್ಚಿ ಒಂದಾಗಿಸುತ್ತದೆ, ಆ ಮೇಲೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದರೆ ಅನೇಕರಿಗೆ ಅಚ್ಚರಿಯಾಗುತ್ತದೆ. ಡಬಲ್ ಕ್ಯಾಬಿನ್ ಪಿಕಪ್‌ನ ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) ಸುಮಾರು 3 ಮೀಟರ್. ಮುಂದಿನ ಆಕ್ಸಲ್‌ನ ನಡುಭಾಗ 6 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗಿದರೆ ಹಿಂದಿನ ಆಕ್ಸಲ್‌ನ ನಡುಭಾಗ ಸುಮಾರು 5.2 ಮೀಟರ್ ತ್ರಿಜ್ಯದಲ್ಲಿ ಸಾಗುತ್ತದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಸುಮಾರು 9.4 ಮೀಟರ್, ಹಿಂದಿನದು ಸುಮಾರು 8.2 ಮೀಟರ್ ಉರುಳಬೇಕಾಗುತ್ತದೆ. ಟೈರಿನ ಸುತ್ತಳತೆ 2.4 ಮೀಟರ್ ಎಂದುಕೊಂಡರೆ ಇದು ಚಕ್ರದ ಅರ್ಧ ಸುತ್ತಿನ ವ್ಯತ್ಯಾಸ. ಆಕ್ಸಲ್‌ನ ಗೇರ್ ಅನುಪಾತ 4 ಇದ್ದಲ್ಲಿ ಪ್ರೊಪೆಲ್ಲರ್ ಶಾಫ್ಟ್‌ಗಳ ಮಟ್ಟದಲ್ಲಿ ಎರಡು ಪೂರ್ತಿ ಸುತ್ತುಗಳ ವ್ಯತ್ಯಾಸ. ಹಲ್ಲುಗಳ ನಡುವಿನ ಸಡಿಲ ಮತ್ತು ಉಕ್ಕಿನ ಬಾಗುವ ಗುಣ ಇದರಲ್ಲಿ ಅಲ್ಪ ಭಾಗವನ್ನಷ್ಟೇ ತಡೆದುಕೊಳ್ಳಬಲ್ಲವು. ಉಳಿದದ್ದೆಲ್ಲ ಟೈರು ನೆಲದ ಮೇಲೆ ಜಾರಿಯೇ ತೀರಬೇಕು. ಕೆಸರು, ಮರಳು, ಸಡಿಲ ಜಲ್ಲಿಯ ಮೇಲೆ ಅದು ಸದ್ದಿಲ್ಲದೆ ಜಾರುತ್ತದೆ, ಚಾಲಕನ ಗಮನಕ್ಕೂ ಬರುವುದಿಲ್ಲ. ಒಣ ಡಾಂಬರು ಮತ್ತು ಕಾಂಕ್ರೀಟ್ ಜಾರಗೊಡುವುದಿಲ್ಲ, ಆಗ ಒದ್ದೆ ಬಟ್ಟೆ ಹಿಂಡಿದಂತೆ ಶಾಫ್ಟ್‌ಗಳಲ್ಲಿ ತಿರುಚು ತುಂಬಿಕೊಳ್ಳುತ್ತದೆ.

ಆ ಹೊತ್ತಿನಲ್ಲಿ ಬೇಗ ಉರುಳಬಯಸುವ ಮುಂದಿನ ಚಕ್ರಗಳು ಹಿಂದಕ್ಕೆ ಎಳೆಯಲ್ಪಟ್ಟು ಬ್ರೇಕಿನಂತೆ ವರ್ತಿಸುತ್ತವೆ, ಹಿಂದಿನ ಚಕ್ರಗಳು ತಾವು ಉರುಳಬೇಕಾದುದಕ್ಕಿಂತ ಹೆಚ್ಚು ತಿರುಗುವಂತೆ ತಳ್ಳಲ್ಪಡುತ್ತವೆ. ಮುಂದಿನ ಆಕ್ಸಲ್ ನೆಲದಿಂದ ಪಡೆದ ಬಲ ಟ್ರಾನ್ಸ್‌ಫರ್ ಕೇಸ್ ಮೂಲಕ ಹಿಂದಿನ ಆಕ್ಸಲ್‌ಗೆ ಹರಿಯುವುದರಿಂದ, ಹಿಂದಿನ ಶಾಫ್ಟ್ ಎಂಜಿನ್ ಕೊಟ್ಟಿದ್ದಕ್ಕಿಂತಲೂ ಹೆಚ್ಚಿನ ಬಲವನ್ನು ಹೊರಬೇಕಾಗುತ್ತದೆ. ಫೋರ್ ಲೋನಲ್ಲಿ (ನಾಲ್ಕು ಚಕ್ರಗಳ ನಿಧಾನ ಗೇರ್) ಅಪಾಯ ಇನ್ನೂ ಹೆಚ್ಚು. ಅಲ್ಲಿ ಎಂಜಿನ್ ಬಲ ಸಾಮಾನ್ಯವಾಗಿ ಎರಡೂವರೆ ಪಟ್ಟಿನ ಆಸುಪಾಸು ಹೆಚ್ಚುವುದರಿಂದ ಗಾಡಿ ನಿಲ್ಲದೆ ಮುನ್ನುಗ್ಗುತ್ತದೆ, ಬಿಗಿತ ಚಾಲಕನ ಅರಿವಿಗೆ ಬರುವ ಮೊದಲೇ ಶಾಫ್ಟಿನ ಕ್ರಾಸ್ (ಶಾಫ್ಟಿನ ತುದಿಯ ಮಡಚುವ ಕೀಲು) ಅಥವಾ ಮುಂದಿನ ಆಕ್ಸಲ್‌ನ ಜಾಯಿಂಟ್ ಸೋತಿರುತ್ತದೆ.

ಅನುಭವಿ ಚಾಲಕರಲ್ಲಿಯೂ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರೂರಿದೆ, ನಾನು ಮತ್ತೆ ಮತ್ತೆ ವಿವರಿಸಬೇಕಾಗಿ ಬರುವುದು ಇದನ್ನೇ. ಎಡಕ್ಕೆ ತಿರುಗಿದಾಗ ಆದ ಬಿಗಿತ ಬಲಕ್ಕೆ ತಿರುಗಿದರೆ ಬಿಚ್ಚಿಕೊಳ್ಳುತ್ತದೆ ಎಂಬುದು ಆ ನಂಬಿಕೆ. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಹೆಚ್ಚು ದೂರ ಉರುಳುವುದು ಮುಂದಿನ ಆಕ್ಸಲೇ, ಹೀಗಾಗಿ ಮುಂದಕ್ಕೆ ಸಾಗುತ್ತ ತೆಗೆದುಕೊಂಡ ಪ್ರತಿ ತಿರುವೂ ಈಗಾಗಲೇ ಇರುವ ತಿರುಚಿಗೆ ಇನ್ನಷ್ಟು ಸೇರಿಸುತ್ತದೆ. ಅದನ್ನು ಬಿಚ್ಚುವುದು ರಿವರ್ಸ್. ಸ್ಟೀರಿಂಗ್ ತಿರುಗಿಸಿದ ಸ್ಥಿತಿಯಲ್ಲೇ ಇರಲಿ, ಬಂದ ದಾರಿಯಲ್ಲೇ ನಿಧಾನವಾಗಿ ಕೆಲವು ಮೀಟರ್ ಹಿಂದಕ್ಕೆ ಬಿಡಿ, ಟ್ರಾನ್ಸ್‌ಫರ್ ಲಿವರನ್ನು ಟೂ ಹೈ ಕಡೆಗೆ ಹಗುರವಾಗಿ ಒತ್ತಿ ಹಿಡಿದಿರಿ. ತಿರುಚು ಸೊನ್ನೆಗೆ ಬರುವ ಕ್ಷಣದಲ್ಲಿ ಸ್ಲೀವ್‌ನ ಹಲ್ಲುಗಳ ಮೇಲಿನ ಒತ್ತಡ ಇಲ್ಲವಾಗಿ ಲಿವರ್ ತಾನಾಗಿ ಜಾರಿ ಬೀಳುತ್ತದೆ. ಅಗತ್ಯಕ್ಕಿಂತ ಹೆಚ್ಚು ಹಿಂದೆ ಹೋದರೆ ಎದುರು ದಿಕ್ಕಿನ ತಿರುಚು ಶುರುವಾಗುತ್ತದೆ, ಅದಕ್ಕಾಗಿಯೇ ನಿಧಾನ ಮುಖ್ಯ. ಹಿಂದೆ ಜಾಗವಿಲ್ಲದಿದ್ದರೆ ಒಂದು ಬದಿಯ ಚಕ್ರಗಳನ್ನು ಮಣ್ಣು ಅಥವಾ ಜಲ್ಲಿಯ ಮೇಲೆ ಇಳಿಸಿದರೂ ಸಾಕು.

ಲಿವರನ್ನು ಕಾಲಿನಿಂದ ಒದೆಯುವುದು, ಸುತ್ತಿಗೆಯಿಂದ ಬಡಿಯುವುದು ಬೇಡ, ಸ್ಲೀವನ್ನು ಸರಿಸುವ ಒಳಗಿನ ಫೋರ್ಕ್ ಬಾಗಿದರೆ ಟ್ರಾನ್ಸ್‌ಫರ್ ಕೇಸ್ ಕೆಳಗಿಳಿಸದೆ ಬೇರೆ ದಾರಿ ಇರುವುದಿಲ್ಲ. ಜಾಕ್ ಹಾಕಿ ಒಂದು ಚಕ್ರವನ್ನು ನೆಲದಿಂದ ಎತ್ತುವ ಪದ್ಧತಿಯೂ ಚಾಲ್ತಿಯಲ್ಲಿದೆ. ಆಗ ತಿರುಚು ಬಿಚ್ಚಿಕೊಳ್ಳುವುದು ನಿಜ, ಆದರೆ ಎತ್ತಿದ ಚಕ್ರ ಫಕ್ಕನೆ ತಿರುಗುತ್ತದೆ. ಅಲ್ಲಿ ಕೈಯಿಟ್ಟವರಿಗೆ ಪೆಟ್ಟಾಗುವುದು ಖಂಡಿತ, ಇಳಿಜಾರಿನಲ್ಲಂತೂ ಈ ಕೆಲಸಕ್ಕೆ ಕೈಹಾಕಲೇಬಾರದು.

ಗಾಡಿ ಇಂಥ ಬಿಗಿತವನ್ನು ಬಹಳ ಕಾಲ ಅನುಭವಿಸಿದೆಯೇ ಎಂದು ತಿಳಿಯಲು ಅದರ ಕೆಳಗೆ ಮಲಗಿ ನೋಡಬೇಕು. ಕ್ರಾಸ್‌ನ ಕ್ಯಾಪ್ ಸುತ್ತ ಮಸಾಲೆ ಪುಡಿ ಉದುರಿದಂತಹ ಕೆಂಪು ತುಕ್ಕಿನ ಧೂಳು ಕಂಡರೆ ಒಳಗಿನ ಸೂಜಿ ಬೇರಿಂಗ್‌ಗಳು ಗ್ರೀಸ್ ಕಳೆದುಕೊಂಡು ಒಣಗಿ ತೇಯುತ್ತಿವೆ ಎಂದೇ ಅರ್ಥ. ಮುಂದಿನ ಟೈರಿನ ಬಟನ್‌ಗಳ (ನೆಲ ಹಿಡಿಯುವ ರಬ್ಬರ್ ಉಬ್ಬುಗಳ) ಮೇಲೆ ಅಂಗೈಯನ್ನು ಒಂದು ದಿಕ್ಕಿನಲ್ಲಿ ಸವರಿದರೆ ನುಣುಪಾಗಿಯೂ ಎದುರು ದಿಕ್ಕಿನಲ್ಲಿ ಗರಗಸದಂತೆಯೂ ಹತ್ತಬಹುದು. ಚಕ್ರಗಳ ಜೋಡಣೆಯ (ಅಲೈನ್‌ಮೆಂಟ್) ದೋಷದಿಂದಲೂ ಟೈರು ಹೀಗೆ ಸವೆಯಬಹುದು, ಆದ್ದರಿಂದ ಎರಡು ಗುರುತುಗಳನ್ನೂ ಒಟ್ಟಿಗೆ ನೋಡಿಯೇ ನಿರ್ಧರಿಸಬೇಕು. ಚೈನ್ ಇರುವ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಚೈನ್ ಉದ್ದವಾಗಿ ಹಲ್ಲು ಹಾರುವಾಗಲೂ ಆ ‘ಕಟಕ್’ ಸದ್ದು ಬರುತ್ತದೆ, ಅದು ನೇರ ರಸ್ತೆಯ ಏರಿನಲ್ಲೂ ಕೇಳತೊಡಗಿದರೆ ಚೈನ್ ಬದಲಿಸುವ ಸಮಯ ಬಂದಿದೆ.

ಬ್ರೇಕ್ ದೋಷವೋ ಈ ಬಿಗಿತವೋ ಎಂದು ಬೇರ್ಪಡಿಸಲು ನಾನು ಚಾಲಕನನ್ನು ಕೇಳುವುದು ಒಂದೇ ಪ್ರಶ್ನೆ: ಟೂ ಹೈನಲ್ಲಿ ಅದೇ ಜಾಗದಲ್ಲಿ ತಿರುಗಿಸಿದರೆ ಹಿಡಿಯುತ್ತದೆಯೇ? ‘ಇಲ್ಲ ಸರ್, ಆಗ ಏನೂ ಇಲ್ಲ’ ಎಂಬ ಉತ್ತರ ಬಂದರೆ ಡ್ರಮ್ ಬಿಚ್ಚುವ ಅಗತ್ಯವೇ ಬೀಳುವುದಿಲ್ಲ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಕಣಕ್ಕಿಂತ ಘಾಟಿ ರಸ್ತೆ. ಮಳೆ ಜೋರಾದ ಕೂಡಲೇ ಹಿಡಿತ ಹೆಚ್ಚುತ್ತದೆಂದು ಶಿರಾಡಿಯ ಕಾಂಕ್ರೀಟಿನ ಮೇಲೆ, ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಫೋರ್ ಹೈ ಹಾಕಿಕೊಂಡು ಇಳಿಯುವವರಿದ್ದಾರೆ. ನೆನೆದ ಡಾಂಬರಿಗೂ ಬಿಗಿತ ತುಂಬುವಷ್ಟು ಹಿಡಿತ ಇದ್ದೇ ಇರುತ್ತದೆ. ಕಡಿದಾದ ತಿರುವಿನಲ್ಲಿ ಆ ಬಿಗಿತ ಮುಂದಿನ ಟೈರಿನ ಹಿಡಿತದ ಒಂದು ಪಾಲನ್ನು ತಿಂದುಹಾಕುವುದರಿಂದ ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗದೆ ಹೊರ ಅಂಚಿಗೆ ಸರಿಯುತ್ತದೆ. ಇಳಿಜಾರಿನಲ್ಲಿ ಬ್ರೇಕಿನ ಬಲವೂ ಫೋರ್ ಹೈನಿಂದ ಹೆಚ್ಚುವುದಿಲ್ಲ. ಅಲ್ಲಿ ಬೇಕಾದದ್ದು ಟೂ ಹೈ, ಕೆಳಗಿನ ಗೇರ್ ಮತ್ತು ಒಳ್ಳೆಯ ಬಟನ್ ಇರುವ ಟೈರು.

ಸೆಂಟರ್ ಡಿಫರೆನ್ಷಿಯಲ್ ಇರುವ ವಾಹನಗಳಿಗೆ ಈ ತೊಡಕಿಲ್ಲ. 1970ರ ಮೊದಲ ರೇಂಜ್ ರೋವರ್ ಆ ವ್ಯವಸ್ಥೆಯೊಂದಿಗೇ ಬಂದಿತ್ತು. ಆದರೆ ಅಂಥವುಗಳಲ್ಲೂ ಆ ಡಿಫರೆನ್ಷಿಯಲನ್ನು ಕಟ್ಟಿಹಾಕುವ ಸೆಂಟರ್ ಲಾಕ್ ಹಾಕಿದರೆ ಮೇಲೆ ಹೇಳಿದ್ದೆಲ್ಲವೂ ಅನ್ವಯಿಸುತ್ತದೆ.

ಇನ್ನು ಟೈರಿನ ವಿಷಯ. ಸವೆದ ಎರಡನ್ನು ಹಿಂದೆ ಬಿಟ್ಟು ಹೊಸ ಎರಡನ್ನು ಮುಂದೆ ಹಾಕಿಸಿದಾಗ ಉರುಳುವ ಸುತ್ತಳತೆಯಲ್ಲಿ ಶೇಕಡಾ 1ರ ವ್ಯತ್ಯಾಸ ಬಂದರೂ ನೇರ ರಸ್ತೆಯಲ್ಲೇ ಪ್ರತಿ ಕಿಲೋಮೀಟರಿಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 10 ಮೀಟರ್ ವ್ಯತ್ಯಾಸವಾಗಿ, ಫೋರ್ ಹೈನಲ್ಲಿ ತಿರುಚು ತುಂಬಿಕೊಳ್ಳುತ್ತದೆ. ಫೋರ್ ಬೈ ಫೋರ್ ಬಳಸುವವರು ನಾಲ್ಕು ಟೈರುಗಳನ್ನೂ ಒಂದೇ ಅಳತೆಯಲ್ಲಿ, ಕಾಲಕಾಲಕ್ಕೆ ಸ್ಥಾನ ಬದಲಿಸುತ್ತ, ಕಂಪನಿ ಸೂಚಿಸಿದ ಗಾಳಿಯಲ್ಲಿ ಇಟ್ಟುಕೊಳ್ಳಬೇಕು.

ಲಿವರ್ ಬದಲು ತಿರುಗುಗುಂಡಿ ಇರುವ ಹೊಸ ಪಿಕಪ್‌ಗಳಲ್ಲಿ ಗುಂಡಿ ಟೂ ಹೈನಲ್ಲಿದೆ ಎಂದ ಮಾತ್ರಕ್ಕೆ ಒಳಗಿನ ಸ್ಲೀವ್ ಬಿಟ್ಟಿದೆ ಎಂದು ಭಾವಿಸಬೇಡಿ. ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಮಿಟುಕುತ್ತಿದ್ದರೆ ತಿರುಚು ಇನ್ನೂ ಒಳಗೇ ಇರಬಹುದು. ದೀಪ ಆರುವ ತನಕ ನಿಧಾನವಾಗಿ ಹಿಂದಕ್ಕೆ ಬಿಟ್ಟು, ಅದು ಆರಿದ ಮೇಲೆಯೇ ಟಾರು ರಸ್ತೆಗೆ ಏರಿ.